ಬೇರೆಯಾಗುವುದಕ್ಕೂ ಶೀಲವಿದೆ


*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ಒಬ್ಬ ಉಪಾಸಿಕೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು: "ಸರ್, ಮದುವೆ ಆಗುವಾಗ ಇದೇ ವಿಹಾರದಲ್ಲಿ ಪಂಚಶೀಲ ತಗೊಂಡ್ವಿ. ಈಗ ಬೇರೆ ಆಗ್ತಾ ಇದೀವಿ. ಇದಕ್ಕೂ ಏನಾದ್ರೂ ಶೀಲ ಇದೆಯಾ?"

ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮ ಬಳಗದ ಒಂದು ಕುಟುಂಬದ ಮಾತುಕತೆಗೆ ನನ್ನನ್ನೂ ಕರೆದಿದ್ದರು. ಗಂಡ ಬಸ್ ಡ್ರೈವರ್, ಹೆಂಡತಿ ನರ್ಸ್. ಮಗಳಿಗೆ ಒಂಬತ್ತು, ಮಗನಿಗೆ ನಾಲ್ಕು. ಒಂದೂವರೆ ವರ್ಷದಿಂದ ಬೇರೆ ಬೇರೆ ಮನೆ. ಒಡವೆ, ಸೈಟು, ಸಾಲ ಎಲ್ಲ ಮಾತಾಗಿ ಕೊನೆಗೆ ಮಕ್ಕಳ ವಿಷಯ ಬಂತು. ಹಿರಿಯರೊಬ್ಬರು, "ಮಗ ಅವನಿಗೆ, ಮಗಳು ಇವಳಿಗೆ. ಆಳಿಗೊಂದು, ಜಗಳವೇ ಇಲ್ಲ" ಅಂದರು. ಎಲ್ಲರಿಗೂ ಅದು ನ್ಯಾಯ ಅನ್ನಿಸಿತು. ನಿಜ ಹೇಳಬೇಕೆಂದರೆ ನಾನೂ ತಲೆಯಾಡಿಸಿದೆ. ಬಾಂಡ್ ಪೇಪರ್ ತರಲು ಒಬ್ಬರು ಎದ್ದೂ ಆಯಿತು.

ಅಷ್ಟರಲ್ಲಿ ಮಗಳು ಟೀ ತಂದಳು. ನನ್ನ ಮುಂದೆ ಲೋಟ ಇಟ್ಟು ಮೆಲ್ಲಗೆ ಕೇಳಿದಳು: "ತಾತ, ತಮ್ಮ ಯಾರ ಪಾಲಿಗೆ ಬಂದ?"

ಪಾತ್ರೆ-ಪಗಡ ಹಂಚುವಾಗ ಆಡುವ ಮಾತನ್ನು ಆ ಮಗು ನಮ್ಮಿಂದಲೇ ಕಲಿತಿತ್ತು. ಆ ಟೀ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅಂದು ನೆನಪಾದದ್ದು ಜಾತಕದ ಮಹೋಸಧನ ಕಥೆ. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡುತ್ತಾರೆ. ಒಬ್ಬಳು ಹೆತ್ತ ತಾಯಿ, ಇನ್ನೊಬ್ಬಳು ವೇಷ ಹಾಕಿ ಬಂದ ಯಕ್ಷಿ. ಮಹೋಸಧ ನೆಲದ ಮೇಲೆ ಗೆರೆ ಎಳೆದು ಮಗುವನ್ನು ಮಲಗಿಸುತ್ತಾನೆ. ಒಬ್ಬಳು ಕೈ ಹಿಡಿಯಲಿ, ಒಬ್ಬಳು ಕಾಲು ಹಿಡಿಯಲಿ, ಎಳೆದುಕೊಂಡವರಿಗೆ ಮಗು ಅನ್ನುತ್ತಾನೆ. ಎಳೆತಕ್ಕೆ ಮಗು ಚೀರುತ್ತದೆ. ಹೆತ್ತವಳು ಕೈಬಿಟ್ಟು ಅಳುತ್ತಾ ನಿಲ್ಲುತ್ತಾಳೆ. ತೀರ್ಪು ಅಲ್ಲೇ ಆಗುತ್ತದೆ.

ಯಕ್ಷಿ ಕಥೆ ನಮಗೇಕೆ ಅನ್ನಬೇಡಿ, ತಿರುಳು ನೋಡೋಣ. ನಮ್ಮ ಮನೆಗಳಲ್ಲಿ ಯಕ್ಷಿ ಇಲ್ಲ. ಎಳೆಯುವವರಿಬ್ಬರೂ ಹೆತ್ತವರೇ. ಹಾಗಾದರೆ ಕೈಬಿಡಬೇಕಾದವರು ಯಾರು? ಸದಾ ತಾಯಿಯೇ ತ್ಯಾಗ ಮಾಡಲಿ ಅನ್ನುವುದು ಧಮ್ಮವಲ್ಲ. ಇಬ್ಬರೂ ಒಟ್ಟಿಗೆ ಬಿಡಬೇಕು. ಬಿಡಬೇಕಾದದ್ದು ಮಗುವನ್ನಲ್ಲ, ಎಳೆತವನ್ನು. ಆ ಬಿಡುವಿಕೆಯನ್ನು ಕಾಗದದ ಮೇಲೆ ಬರೆದರೆ ಅದೇ ಒಪ್ಪಂದ ಪತ್ರ. ಅದಕ್ಕೆ ಸಹಿ ಹಾಕುವವರು ಇಬ್ಬರು, ಆದರೆ ಅದರಂತೆ ಬದುಕಬೇಕಾದದ್ದು ಸಹಿ ಹಾಕದ ಮಗು.

ಬೇರೆಯಾಗುವುದೇ ಪಾಪ ಎಂದು ಕುಗ್ಗಬೇಡಿ. ಹಿಂದೂ ಕೋಡ್ ಮಸೂದೆಯಲ್ಲಿ ಬಾಬಾಸಾಹೇಬರು ವಿಚ್ಛೇದನದ ಹಕ್ಕನ್ನು ಇಟ್ಟಿದ್ದರು. ಆ ಮಸೂದೆಯನ್ನು ಮುಂದೆ ಸಾಗಗೊಡದಿದ್ದುದು 1951ರಲ್ಲಿ ಅವರು ಮಂತ್ರಿ ಪದವಿ ಬಿಟ್ಟ ಕಾರಣಗಳಲ್ಲೊಂದು. ಇನ್ನು ಅವರು ಬರೆದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸಿದ್ಧಾರ್ಥ ನಡುರಾತ್ರಿ ಕದ್ದು ಹೋಗುವುದಿಲ್ಲ. ಯಶೋಧರೆಯ ಬಳಿ ಹೋಗಿ ಮಾತಾಡುತ್ತಾನೆ, ಆಕೆ ಒಪ್ಪುತ್ತಾಳೆ, ರಾಹುಲನನ್ನು ನೋಡಿಕೊಳ್ಳುವ ಹೊಣೆ ತನ್ನದೆನ್ನುತ್ತಾಳೆ. ಅದು ವಿಚ್ಛೇದನವಲ್ಲ. ಆದರೂ ಅಗಲುವಾಗ ಮುಖ ನೋಡಿ ಮಾತಾಡಬೇಕು, ಮಗುವಿನ ಹೊಣೆ ಯಾರದೆಂದು ಮೊದಲೇ ಹೇಳಿಕೊಳ್ಳಬೇಕು ಅನ್ನುವುದು ಅಲ್ಲಿದೆ.

ಈಗ ಕಾನೂನಿನ ಮಾತು. ಬಾಂಡ್ ಪೇಪರ್ ಮೇಲೆ ಸಹಿ ಹಾಕಿದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ರೂಢಿಯ ಬಿಡುಗಡೆ ಎಂದರೂ ಆ ರೂಢಿಯನ್ನು ಕೋರ್ಟಿನಲ್ಲಿ ರುಜುವಾತು ಮಾಡಬೇಕಾಗುತ್ತದೆ. ಹೆಸರು ಏನೇ ಇರಲಿ, 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ. ಅದರ 13ಬಿ ಕಲಂ ಪ್ರಕಾರ ಒಂದು ವರ್ಷ ಬೇರೆ ಇದ್ದವರು ಪರಸ್ಪರ ಒಪ್ಪಿಗೆಯಿಂದ ಅರ್ಜಿ ಹಾಕಬಹುದು. ನಂತರ ಆರು ತಿಂಗಳ ಅವಧಿ ಇದೆ. ಸೂಕ್ತ ಪ್ರಕರಣಗಳಲ್ಲಿ ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಜೀವನಾಂಶ, ಮಕ್ಕಳ ಪಾಲನೆ ನಿಜವಾಗಿ ಇತ್ಯರ್ಥವಾಗಿದೆಯೇ ಎಂದು ಕೋರ್ಟ್ ನೋಡುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದು 1956ರ ಪಾಲಕತ್ವ ಕಾಯ್ದೆ ಹೇಳುತ್ತದೆ. ಎಲ್ಲಕ್ಕಿಂತ ಮೇಲೆ ಇಡುವುದು ಮಗುವಿನ ಹಿತವನ್ನು.

ಆ ಕಾಗದದಲ್ಲಿ ಏನು ಬರೆಯಬೇಕು? ಪಂಚಶೀಲವನ್ನೇ ಮುಂದಿಟ್ಟುಕೊಳ್ಳಿ.

*1. ಹಿಂಸೆ ಬೇಡ.* ಅಕ್ಕ-ತಮ್ಮನನ್ನು ಅಗಲಿಸಬೇಡಿ. ಮಕ್ಕಳು ಎಲ್ಲಿ ಇರುತ್ತಾರೆ, ಯಾವ ಶಾಲೆ, ಇನ್ನೊಬ್ಬರ ಹತ್ತಿರ ಯಾವ ದಿನ, ದಸರಾ ಮತ್ತು ಬೇಸಿಗೆ ರಜೆ ಹೇಗೆ, ಯಾರು ಕರೆದೊಯ್ದು ಯಾರು ಬಿಡುತ್ತಾರೆ ಎಲ್ಲವೂ ಬರವಣಿಗೆಯಲ್ಲಿರಲಿ. ಬೇರೆಯವರ ನಮೂನೆ ನಕಲು ಮಾಡಬೇಡಿ. ಮೇಲೆ ಹೇಳಿದ ಕುಟುಂಬದ ಕರಡಿನಲ್ಲಿ "ಪ್ರತಿ ಭಾನುವಾರ 10ರಿಂದ 5" ಅಂತಿತ್ತು. ಅಪ್ಪನಿಗೆ ಭಾನುವಾರವೇ ಡ್ಯೂಟಿ! ಆ ಷರತ್ತು ಹಾಗೇ ಉಳಿದಿದ್ದರೆ "ಅಪ್ಪ ಬರಲೇ ಇಲ್ಲ" ಎಂದು ಮಕ್ಕಳು ಪ್ರತಿ ವಾರ ಬಾಗಿಲು ನೋಡುತ್ತಿದ್ದರು.

*2. ಕೊಡದಿದ್ದನ್ನು ತೆಗೆದುಕೊಳ್ಳಬೇಡಿ.* ಜೀವನಾಂಶ ಮಗುವಿನ ಹಕ್ಕು. "ನನಗೇನೂ ಬೇಡ, ಬಿಟ್ಟರೆ ಸಾಕು" ಅಂತ ಸಿಟ್ಟಿನಲ್ಲಿ ಮಗುವಿನ ಪಾಲನ್ನೂ ಬಿಟ್ಟುಕೊಡಬೇಡಿ, ಅದು ನಿಮ್ಮದಲ್ಲ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ಫೀಸು ಮತ್ತು ಆಸ್ಪತ್ರೆ ಖರ್ಚು ಯಾರದು ಎಂದು ಬರೆಯಿರಿ. ದುಡ್ಡು ತಡವಾಯಿತೆಂದು ಮಗುವನ್ನು ತೋರಿಸದಿರುವುದು, ಮಗುವನ್ನು ಕಳಿಸಲಿಲ್ಲವೆಂದು ದುಡ್ಡು ನಿಲ್ಲಿಸುವುದು ಎರಡೂ ಎಳೆತವೇ. ದಾಖಲೆಗಳ ಬಗ್ಗೆಯೂ ಎಚ್ಚರ. 1990ರ ತಿದ್ದುಪಡಿಯಿಂದ ಬೌದ್ಧರಾದ ನಮ್ಮ ಮಕ್ಕಳಿಗೆ ಪರಿಶಿಷ್ಟ ಜಾತಿಯ ಹಕ್ಕು ಉಳಿದಿದೆ. ಜಾತಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಆಧಾರ್ ಒಬ್ಬರ ಬೀರುವಿನಲ್ಲಿ ಬೀಗ ಹಾಕಿಕೊಂಡರೆ ಕಳೆದುಹೋಗುವುದು ಮಗುವಿನ ವಿದ್ಯಾರ್ಥಿವೇತನ. ಮೂಲ ಪ್ರತಿ ಯಾರ ಬಳಿ, ನಕಲು ಯಾರ ಬಳಿ ಎಂದು ನಮೂದಿಸಿ.

*3. ಸಂಬಂಧದಲ್ಲಿ ಶುದ್ಧಿ.* ಡಿಕ್ರಿ ಬರುವ ಮುನ್ನ ಇನ್ನೊಂದು ಮದುವೆ ಕಾನೂನಿಗೂ ಸಲ್ಲದು. ಮುಂದೆ ಹೊಸ ಜೀವನ ಕಟ್ಟಿಕೊಂಡರೆ ಮಕ್ಕಳಿಗೆ ನೀವೇ ಕೂತು ಹೇಳಿ, ಬೇರೆಯವರ ಬಾಯಿಂದ ತಿಳಿಯದಿರಲಿ.

*4. ಸುಳ್ಳು, ಕಟು ಮಾತು ಬೇಡ.* "ನಿಮ್ಮಪ್ಪ ಅಂಥವನು", "ನಿಮ್ಮಮ್ಮ ಇಂಥವಳು" ಅನ್ನುವುದಿಲ್ಲ ಎಂದು ಬರೆದು ಸಹಿ ಹಾಕಿ. ಅಜ್ಜಿ-ತಾತಂದಿರಿಗೂ ತಿಳಿಸಿ. "ಅಲ್ಲಿ ಯಾರು ಬಂದಿದ್ರು?" ಎಂದು ಮಗುವನ್ನು ಗೂಢಚಾರನಾಗಿಸಬೇಡಿ. ಎರಡು ಮನೆಯಲ್ಲಿ ಎರಡು ಸುಳ್ಳು ಹೇಳಿ ಬದುಕಲು ಕಲಿತ ಮಗು ನಾಲ್ಕನೇ ಶೀಲವನ್ನು ಎಲ್ಲಿ ಕಲಿಯಬೇಕು?

*5. ಅಮಲು ಬೇಡ.* ಮಗು ಜೊತೆಗಿರುವ ದಿನ ಕುಡಿತವಿಲ್ಲ. ಸಿಟ್ಟಿನ ಅಮಲಿನಲ್ಲಿ ಮೆಸೇಜೂ ಇಲ್ಲ.

ಒಂದು ಎಚ್ಚರಿಕೆ. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಈ ಮಾತನ್ನು ತಾಯಿಯ ಬಾಯಿ ಮುಚ್ಚಿಸಲು ಬಳಸಬೇಡಿ. ಅಲ್ಲಿ ಮೊದಲು ರಕ್ಷಣೆ, ಆಮೇಲೆ ರಾಜಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ವಕೀಲರ ಫೀಸಿಗೆ ಹೆದರಬೇಡಿ. ಪರಿಶಿಷ್ಟರಿಗೆ, ಎಲ್ಲ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಆ ಕುಟುಂಬಕ್ಕೆ ಏನಾಯಿತು? ಬಾಂಡ್ ಪೇಪರ್ ಬರಲಿಲ್ಲ. ನಾಲ್ಕು ಸಲ ಕೂತರು, ಎರಡು ಸಲ ಅರ್ಧಕ್ಕೇ ಎದ್ದು ಹೋದರು. ಕೊನೆಗೆ ಇಬ್ಬರು ಮಕ್ಕಳೂ ಅಮ್ಮನ ಮನೆಯಲ್ಲಿ. ಅಪ್ಪ ಪ್ರತಿ ತಿಂಗಳು ಡ್ಯೂಟಿ ಪಟ್ಟಿ ಬಂದ ಕೂಡಲೇ ತನ್ನ ರಜೆಯ ದಿನಗಳನ್ನು ಕಳಿಸಬೇಕು, ಆ ದಿನಗಳು ಅವನವು. ಏಪ್ರಿಲ್ 14ನ್ನು ಮಾತ್ರ ಯಾರಿಗೂ ಹಂಚಲಿಲ್ಲ. ಆ ದಿನ ಇಬ್ಬರೂ ವಿಹಾರಕ್ಕೆ ಬರಬೇಕು ಎಂದು ಬರೆದರು. ಇವತ್ತಿಗೂ ಗಂಡ-ಹೆಂಡತಿ ಹೆಚ್ಚು ಮಾತಾಡುವುದಿಲ್ಲ. ಆದರೆ ಈ ಸಲದ ಜಯಂತಿಯಲ್ಲಿ ಅಕ್ಕ-ತಮ್ಮ ಇಬ್ಬರೂ ಒಂದೇ ಬಾವುಟ ಹಿಡಿದು ಓಡಾಡುತ್ತಿದ್ದರು.

ಪ್ರಶ್ನೆ ಕೇಳಿದ ತಂಗಿಗೆ ನನ್ನ ಉತ್ತರ: ಇದೆಯಮ್ಮಾ. ಕೂಡುವಾಗ ತೆಗೆದುಕೊಂಡ ಶೀಲವೇ ಬೇರೆಯಾಗುವಾಗಲೂ ಬೇಕು. ಕೂಡುವಾಗಿಗಿಂತ ಈಗಲೇ ಹೆಚ್ಚು ಬೇಕು.

*ಇಂದಿನ ಅಭ್ಯಾಸ:* ಐದು ನಿಮಿಷ ಉಸಿರಿನ ಮೇಲೆ ಮನಸ್ಸಿಟ್ಟು ಕೂತುಕೊಳ್ಳಿ. ಎಳೆದಾಟದ ನಡುವೆ ಸಿಕ್ಕಿರುವ ಒಂದು ಮಗುವನ್ನು ನೆನೆಯಿರಿ, ನಿಮ್ಮ ಮನೆಯದಾಗಲಿ ನೆಂಟರ ಮನೆಯದಾಗಲಿ. ಅದರ ಯಾವ ಕೈ ನನ್ನ ಮುಷ್ಟಿಯಲ್ಲಿದೆ ಎಂದು ಕೇಳಿಕೊಳ್ಳಿ. ಹಿಡಿತವನ್ನು ಒಂದಿಷ್ಟು ಸಡಿಲಿಸಿ.

ಎಲ್ಲ ಮಕ್ಕಳಿಗೂ ಮಂಗಳವಾಗಲಿ.
ಸಾಧು! ಸಾಧು! ಸಾಧು! 🙏
*ಜೈ ಭೀಮ್*