‘ಎಲ್ಲಾದರೂ ಇರಬೇಕಲ್ಲ’

ಬೆಂಗಳೂರು ತಿನ್ನುವ ಅಕ್ಕಿ ಬೆಂಗಳೂರಿನಲ್ಲಿ ಬೆಳೆಯುವುದಿಲ್ಲ. ಅದು ಉಡುವ ಬಟ್ಟೆ, ಕಟ್ಟುವ ಸಿಮೆಂಟು, ಕಬ್ಬಿಣ, ಮರಳು, ಔಷಧಿ, ಕೊನೆಗೆ ಹೆಣದ ಮೇಲೆ ಹಾಕುವ ಹೂವಿನವರೆಗೆ ಎಲ್ಲವೂ ಲಾರಿಯಲ್ಲೋ ರೈಲಿನಲ್ಲೋ ಬರಬೇಕು. ಬಂದದ್ದನ್ನು ಇಳಿಸಲು ಜಾಗ ಬೇಕು. ಇಳಿಸಿದ್ದನ್ನು ಕೂಡಿಡಲು ಗೋಡೌನ್ ಬೇಕು. ಕಾರ್ಖಾನೆಗೆ ಶೆಡ್ಡು ಬೇಕು, ಲಾರಿಗೆ ನಿಲ್ದಾಣ ಬೇಕು, ಕಂಟೈನರಿಗೆ ಯಾರ್ಡು ಬೇಕು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಯೋಜನೆ ಮಾಡುವವರನ್ನು ಕೇಳಿದರೆ ಒಂದೇ ಮಾತು: ‘ಎಲ್ಲಾದರೂ ಇರಬೇಕಲ್ಲ ಸ್ವಾಮಿ?’

ಈ ಮಾತು ನಿಜ. ನಿಜವಾದ್ದರಿಂದಲೇ ಇದು ಅಪಾಯದ ಮಾತು. ‘ಎಲ್ಲಾದರೂ’ ಎನ್ನುವ ಪದ ನಕ್ಷೆಯ ಮೇಲೆ ಇಳಿಯುವ ಹೊತ್ತಿಗೆ ಅದಕ್ಕೊಂದು ಸರ್ವೆ ನಂಬರು ಬಂದಿರುತ್ತದೆ. ಆ ಸರ್ವೆ ನಂಬರಿಗೆ ಬಹಳ ಸಲ ಒಂದು ಜಾತಿಯೂ ಇರುತ್ತದೆ.

ಇದನ್ನು ಎಂಜಿನಿಯರುಗಳ ಪ್ರಶ್ನೆ ಅಂತ ನಮ್ಮ ಸಾಹಿತಿಗಳು ಪಕ್ಕಕ್ಕೆ ಸರಿಸಿದ್ದಾರೆ. ನಾವು ಇದನ್ನು ನೀತಿಯ ಪ್ರಶ್ನೆ ಅಂತಲೇ ಹಿಡಿಯಬೇಕಾಗಿದೆ. ಎಲ್ಲರಿಗೂ ಬೇಕಾದ ಒಂದು ಕೆಲಸಕ್ಕೆ ಕೆಲವರು ಮಾತ್ರ ಯಾಕೆ ಕೊಡಬೇಕು? ಆ ಕೆಲವರು ಯಾರು ಅನ್ನುವುದನ್ನು ಯಾರು ತೀರ್ಮಾನಿಸಬೇಕು?

‘ಕೆರೆಗೆ ಹಾರ’ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ತ್ಯಾಗದ ಕಥೆ ಅಂತ ನಮಗೆ ಕಲಿಸಿದರು. ಕೆರೆ ಕಟ್ಟಿಸಿದರು, ನೀರು ಬರಲಿಲ್ಲ, ಹೊತ್ತಿಗೆ ತೆಗೆಸಿ ನೋಡಿಸಿದರು, ಒಂದು ಜೀವ ಕೊಡಬೇಕು ಅಂತ ಬಂತು. ಜೀವ ಯಾರದ್ದು? ಗೌಡನದ್ದಲ್ಲ, ಗೌಡನ ಮಗನದ್ದಲ್ಲ. ಹೊರಗಿನಿಂದ ಬಂದ ಹೆಣ್ಣು, ಅದರಲ್ಲೂ ಕಿರಿಸೊಸೆ. ಅವಳ ಗಂಡ ಊರಲ್ಲಿರಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ. ಆಮೇಲೆ ಊರೆಲ್ಲಾ ಆ ಕೆರೆಯ ನೀರು ಕುಡಿಯಿತು. ಕೆರೆ ಬೇಡ ಅಂತ ಭಾಗೀರಥಿಯೂ ಅನ್ನುತ್ತಿರಲಿಲ್ಲ, ಬಿಂದಿಗೆ ಹೊತ್ತು ನೀರು ತರುವವಳು ಅವಳೇ ತಾನೆ. ಆಯ್ಕೆ ನಡೆದ ಪಡಸಾಲೆಯಲ್ಲಿ ಅವಳಿಗೆ ಜಾಗ ಇರಲಿಲ್ಲ, ಅಷ್ಟೆ. ಈಗ ಹೊತ್ತಿಗೆಯ ಬದಲು ಬಣ್ಣದ ನಕ್ಷೆ ಬಂದಿದೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಬೆಂಗಳೂರಿನ 2015ರ ಹೆಸರಿನ ಮಹಾಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸಾಯಿತು. ಆ ಕಚೇರಿಯ ಗೋಡೆಯಲ್ಲಿ ನಮ್ಮ ಕೇರಿಗೆ ಯಾವ ಬಣ್ಣ ಬಳಿದರು ಅಂತ ಕೇರಿಯವರಿಗೆ ಗೊತ್ತಾಗುವುದು ಸರ್ವೆಯವನು ಕಲ್ಲು ನೆಡಲು ಬಂದ ದಿನ.

ಹೊರೆ ಹೊರುವುದು ನಮಗೆ ಹೊಸದಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ತೋಟಿ ಅಂತ ಇದ್ದ. ಅಮಲ್ದಾರ ಬಂದರೆ ಅವನ ಗಂಟು ಹೊತ್ತು ಮುಂದಿನ ಊರಿಗೆ ಬಿಡುವವನು ಅವನೇ. ಕಂದಾಯದ ಸುದ್ದಿ ಒಯ್ಯುವವನು, ಸತ್ತ ದನ ಎಳೆಯುವವನು, ಗಡಿಕಲ್ಲು ಎಲ್ಲಿದೆ ಅಂತ ತೋರಿಸುವವನು ಅವನೇ. ಇದಕ್ಕೆ ಪ್ರತಿಯಾಗಿ ಒಂದು ತುಂಡು ಇನಾಮ್ತಿ ನೆಲ, ಊರಾಚೆ, ಕಲ್ಲುಮಣ್ಣಿನದು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಆ ಬಿಟ್ಟಿ ಚಾಕರಿಯನ್ನು ಕಾಗದದ ಮೇಲೆ ಮುಗಿಸಿತು. ನೆಲವನ್ನು ಅದೇ ಮನೆತನಗಳಿಗೆ ಮರುಮಂಜೂರು ಮಾಡುವ ದಾರಿಯೂ ಆಯಿತು. ಅಂದರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಇರುವ ಒಂದೆರಡು ಎಕರೆ ತಾತ ಮುತ್ತಾತಂದಿರು ತಲೆಮೇಲೆ ಹೊತ್ತ ಹೊರೆಯ ಕೂಲಿ. ಇವತ್ತು ಗೋಡೌನಿಗೆ ಅಂತ ಕೇಳುತ್ತಿರುವುದು ಇಂಥ ನೆಲವನ್ನೂ. ಕೊಟ್ಟ ಮೇಲೆ ಅದೇ ಗೋಡೌನಿನ ಬಾಗಿಲಲ್ಲಿ ಮೊಮ್ಮಗ ಗುತ್ತಿಗೆದಾರನ ಕೈಕೆಳಗೆ ಮೂಟೆ ಹೊರಬೇಕು. ಹೊರೆ ಹೊತ್ತು ಗಳಿಸಿದ ನೆಲವನ್ನು ಕೊಟ್ಟು ಮತ್ತೆ ಹೊರೆ ಹೊರುವ ಕೆಲಸ ಪಡೆಯುವುದನ್ನು ಇವರು ‘ಉದ್ಯೋಗ ಸೃಷ್ಟಿ’ ಅಂತ ಕರೆಯುತ್ತಾರೆ.

ಸರಕು ಇಳಿಸುವ ಜಾಗ ನಗರದಲ್ಲಿ ಯಾವತ್ತೂ ನಿಂತಲ್ಲಿ ನಿಂತಿಲ್ಲ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ ಅಂತ ಹೆಸರುಗಳು ಉಳಿದಿವೆ. ದೊಡ್ಡ ಮಂಡಿ ವ್ಯಾಪಾರ ಯಶವಂತಪುರದ ಯಾರ್ಡಿಗೆ ಹೋಯಿತು. ಅಲ್ಲಿಂದ ನೆಲಮಂಗಲ, ದಾಬಸ್‌ಪೇಟೆ, ಇತ್ತ ಹೊಸಕೋಟೆ ಕಡೆಗೆ ಗೋಡೌನುಗಳ ಸಾಲು. ದಾಬಸ್‌ಪೇಟೆ ಬಳಿ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯ ಸರಕು ಸಾಗಣೆ ಪಾರ್ಕಿಗೆ 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ರೈಲು ಮತ್ತು ರಸ್ತೆ ಎರಡೂ ಕೂಡುವ ಜಾಗ. ಲೆಕ್ಕದ ಪ್ರಕಾರ ಒಳ್ಳೆಯದೇ. ದೊಡ್ಡ ಲಾರಿ ಊರೊಳಗೆ ನುಗ್ಗುವುದಿಲ್ಲ, ಹೊಗೆ ಕಡಿಮೆ, ಡೀಸೆಲ್ ಕಡಿಮೆ. ಆದರೆ ಊರ ಹೊರಗೆ ಇಳಿದ ಸರಕು ಕಡೆಗೆ ಊರೊಳಗೆ ಬರಲೇಬೇಕಲ್ಲ? ದೊಡ್ಡ ಲಾರಿ ಒಂದರ ಬದಲು ಚಿಕ್ಕ ಗಾಡಿ ಎಂಟು ಹತ್ತು ಓಡುತ್ತವೆ. ಒಂದು ಸಲ ಇಳಿಸುವ ಮೂಟೆಯನ್ನು ಎರಡು ಸಲ ಇಳಿಸಿ ಹತ್ತಿಸುತ್ತಾರೆ. ಹಗಲು ಭಾರಿ ಲಾರಿಗೆ ನಿರ್ಬಂಧ ಇರುವುದರಿಂದ ಡ್ರೈವರು ಕ್ಲೀನರು ಊರ ಬಾಗಿಲಲ್ಲಿ ಕಾದು ಕೂತು ರಾತ್ರಿ ಜಾಗರಣೆ ಮಾಡುತ್ತಾರೆ. ಭಾರ ಎಲ್ಲೂ ಹೋಗಲಿಲ್ಲ. ಕಾಣುವ ಹೆಗಲಿಂದ ಕಾಣದ ಹೆಗಲಿಗೆ ಹೋಯಿತು. ಮಂಡಿ ಹೊರಗೆ ಹೋದರೆ ಮಂಡಿ ಸಾಹುಕಾರ ಕಾರಲ್ಲಿ ಹೋಗುತ್ತಾನೆ. ಹಮಾಲಿಯ ಗುಡಿಸಲು, ಮಕ್ಕಳ ಶಾಲೆ, ಹೆಂಡತಿ ಪಾತ್ರೆ ತೊಳೆಯುವ ಮನೆಗಳು ಹಿಂದೆಯೇ ಉಳಿಯುತ್ತವೆ. ಅವನಿಗೆ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಅಂತ ಒಂದು ಗುರುತಿನ ಚೀಟಿ ಕೊಟ್ಟಿದ್ದಾರೆ. ಹೆಸರು ದೊಡ್ಡದು. ಬೆನ್ನು ಊರಲು ಒಂದು ಕಟ್ಟೆಯನ್ನು ಯಾವ ನಕ್ಷೆಯಲ್ಲೂ ಬರೆದಿಲ್ಲ.

ಹಾಗಾದರೆ ಖಾಲಿಯಾದ ಹಳೇ ಕೈಗಾರಿಕಾ ನೆಲ ಏನಾಯಿತು? 1884ರಷ್ಟು ಹಿಂದೆ ಶುರುವಾದ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಮಾಲು. ಮಿಲ್ಲಿಗೆ ಅಂತ ಇದ್ದ ನೆಲ ಊರೊಳಗೆ ಬೆಲೆ ಏರಿದ ಕೂಡಲೇ ಮಿಲ್ಲಾಗಿ ಉಳಿಯಲಿಲ್ಲ. ಉಳಿದಿದ್ದರೆ, ಅದರಲ್ಲಿ ಅರ್ಧವನ್ನಾದರೂ ಸರಕು ಇಳಿಸಲು ಇಟ್ಟಿದ್ದರೆ, ಹೊಸ ಯಾರ್ಡಿಗೆ ಅಷ್ಟು ಹೊಲ ಬೇಕಾಗುತ್ತಿರಲಿಲ್ಲ. ‘ಎಲ್ಲಾದರೂ ಇರಬೇಕಲ್ಲ’ ಅನ್ನುವವರು ‘ಇಲ್ಲೇ ಇರಲಿ’ ಅಂತ ಒಂದು ಸಲವೂ ಹೇಳಿದ್ದಿಲ್ಲ. ಉಳ್ಳವರ ಕಿಟಕಿಯ ಎದುರು ಲಾರಿ ನಿಲ್ಲಬಾರದು. ಅವರ ಮನೆ ಬಾಗಿಲಿಗೆ ಹತ್ತು ನಿಮಿಷದಲ್ಲಿ ಟೊಮೇಟೊ ಮಾತ್ರ ಬರಬೇಕು.

ಈಗ ನಮ್ಮ ಕಷ್ಟದ ಮಾತಿಗೆ ಬರೋಣ. ರೈತ ನಾಯಕರು ವೇದಿಕೆ ಹತ್ತಿ ‘ನೆಲ ನಮ್ಮ ತಾಯಿ, ಹಳ್ಳಿ ನಮ್ಮ ಸ್ವರ್ಗ’ ಅಂದಾಗ ನಮಗೆ ಗಂಟಲು ಕಟ್ಟುತ್ತದೆ. ಯಾರ ಸ್ವರ್ಗ? ಅದೇ ಹಳ್ಳಿಯ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇತ್ತು. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರಿಗೆ ಕೊಟ್ಟ ಉತ್ತರವನ್ನು ನಾವು ಮರೆತಿಲ್ಲ. ಹಳ್ಳಿಯನ್ನು ಅವರು ಸಂಕುಚಿತತೆಯ, ಅಜ್ಞಾನದ ಗೂಡು ಅಂತಲೇ ಕಂಡರು. ಪೀಣ್ಯದ ಲೇತಿನ ಮುಂದೆ ನಿಂತ ನಮ್ಮ ಹುಡುಗನನ್ನು ಪಕ್ಕದ ಮಿಷನ್ನಿನವನು ‘ಯಾವ ಜನ’ ಅಂತ ಕೇಳುವ ಮೊದಲು ‘ಎಷ್ಟು ಪೀಸ್ ಆಯ್ತು’ ಅಂತ ಕೇಳುತ್ತಾನೆ. ಇದು ಸಣ್ಣದಲ್ಲ. ಅದೇ ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದೆ ಅನ್ನುವುದೂ ಸಣ್ಣದಲ್ಲ. ಕಾರ್ಖಾನೆ ನಮಗೆ ಬೇಕು. ಗೌಡರ ಹೊಲದ ಜೀತಕ್ಕಿಂತ ಯಾರ್ಡಿನ ಕೂಲಿ ಮೇಲು ಅನ್ನುವ ಅಕ್ಕ ಅಣ್ಣಂದಿರ ಮಾತನ್ನು ಓದಿದ ನಾವು ಕೂತು ಅಲ್ಲಗಳೆಯಲಾರೆವು.

ಆದರೂ ದೇವನಹಳ್ಳಿಯಲ್ಲಿ ನಾವು ಯಾವ ಕಡೆ ನಿಲ್ಲಬೇಕು ಅನ್ನುವುದರಲ್ಲಿ ನಮಗೆ ಅನುಮಾನ ಇರಲಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಬೇಕು ಅಂತ 2022ರಲ್ಲಿ ಅಧಿಸೂಚನೆ ಹೊರಟಿತು. ರಾಗಿ, ದ್ರಾಕ್ಷಿ, ಹೂವು, ತರಕಾರಿ, ಹಾಲು ಕೊಡುವ ನೆಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಜನ ಧರಣಿ ಕೂತರು. ಒಕ್ಕಲಿಗರ ಮನೆಯವರೂ ಕೇರಿಯವರೂ ಒಂದೇ ಶಾಮಿಯಾನದ ಕೆಳಗೆ ಕೂತರು. ಇದು ಎಷ್ಟು ದಿನ ಉಳಿಯುತ್ತದೋ ನೋಡಬೇಕು, ಆದರೆ ಕೂತದ್ದು ನಿಜ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟೆವು ಅಂತ ಘೋಷಿಸಿದರು. ಜೊತೆಗೇ ಇನ್ನೊಂದು ಮಾತು ಹೇಳಿದರು: ತಾವಾಗಿಯೇ ಕೊಡುವ ರೈತರಿಂದ ಹೆಚ್ಚಿನ ಬೆಲೆಗೆ ಪಡೆಯುತ್ತೇವೆ.

ಈ ‘ತಾವಾಗಿಯೇ’ ಅನ್ನುವ ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಮೇಲ್ನೋಟಕ್ಕೆ ಇದರಲ್ಲಿ ದಬ್ಬಾಳಿಕೆ ಇಲ್ಲ. ಇಷ್ಟವಿದ್ದವನು ಕೊಡುತ್ತಾನೆ, ಇಲ್ಲದವನು ಇಲ್ಲ. ಆದರೆ ಹತ್ತು ಎಕರೆ ದ್ರಾಕ್ಷಿ ತೋಟದವನು ‘ಇಲ್ಲ’ ಅನ್ನುವುದೂ, ಮಗಳ ಮದುವೆಗೆ ಬಡ್ಡಿ ಸಾಲ ತಂದ ಒಂದೂವರೆ ಎಕರೆಯವನು ‘ಇಲ್ಲ’ ಅನ್ನುವುದೂ ಒಂದೇ ತೂಕದ್ದೇ? ಹಸಿದವನ ಒಪ್ಪಿಗೆಯನ್ನು ಒಪ್ಪಿಗೆ ಅಂತ ಬರೆದುಕೊಳ್ಳುವುದು ನಮ್ಮ ಊರಿನ ಶಾನುಭೋಗರಿಗೂ ಗೊತ್ತಿದ್ದ ವಿದ್ಯೆ. ದರಖಾಸ್ತಿನಲ್ಲಿ ಸಿಕ್ಕ ನಮ್ಮ ನೆಲವನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳಿದ್ದು ಈ ವಿದ್ಯೆ ತಿಳಿದೇ. ಬಡವನ ‘ಹೂಂ’ ಅನ್ನು ಪೂರಾ ನಂಬಬೇಡ ಅಂತ ಕಾನೂನೇ ಅಂದಿತು. ಕೊಳ್ಳುವವನು ಸರ್ಕಾರವೇ ಆದಾಗ ಆ ಎಚ್ಚರ ಎಲ್ಲಿಗೆ ಹೋಗುತ್ತದೆ?

ಇನ್ನು ಕಾನೂನಿನ ಕಡೆ ನೋಡಿದರೆ, 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗೆ ಭೂಮಿ ಬೇಕಾದರೆ ನೂರಕ್ಕೆ 80 ಕುಟುಂಬಗಳ ಒಪ್ಪಿಗೆ ಬೇಕು, ಸರ್ಕಾರ ಖಾಸಗಿ ಕೂಡಿದ್ದಾದರೆ 70. ಕರ್ನಾಟಕದಲ್ಲಿ 1966ರ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆಯ ಕಲಂ 28 ಹಿಡಿದರೆ ಆ ಒಪ್ಪಿಗೆಯ ಗೊಡವೆ ಇಲ್ಲ. ಆಕ್ಷೇಪಣೆ ಇದ್ದರೆ ಬರೆದು ಕೊಡಿ ಅಂತಾರೆ. ಬರೆದು ಕೊಡಲು ಬಂದವರು ಕೇರಿಯಲ್ಲಿ ಈಗೀಗ ಹುಟ್ಟಿದ್ದಾರೆ. ಅದಕ್ಕೇ ಡಿಗ್ರಿ ಮುಗಿಸಿದ ನಮ್ಮಂಥವರ ಮನೆ ಬಾಗಿಲಿಗೆ ದೊಡ್ಡಪ್ಪ ಚಿಕ್ಕಪ್ಪಂದಿರು ಆ ಕಾಗದ ಹಿಡಿದು ಬರುತ್ತಾರೆ, ‘ನಮ್ಮ ನಂಬರ್ ಐತಾ ನೋಡಪ್ಪ’ ಅಂತ. ಆ ಹೊತ್ತಲ್ಲಿ ಕವಿತೆ ಬರೆಯುವ ಕನ್ನಡ ಕೆಲಸಕ್ಕೆ ಬರುವುದಿಲ್ಲ, ಗೆಜೆಟ್ಟಿನ ಕನ್ನಡ ಬೇಕು.

ಅತ್ಯಂತ ಕಷ್ಟ ಆ ಪಟ್ಟಿಯಲ್ಲಿ ನಂಬರೇ ಇಲ್ಲದವರದ್ದು. ಗೋಮಾಳದಲ್ಲಿ, ಸರ್ಕಾರಿ ಬೀಳಿನಲ್ಲಿ ಮೂವತ್ತು ನಲವತ್ತು ವರ್ಷ ಉತ್ತು ಫಾರಂ 50, 53, 57 ಅಂತ ಅರ್ಜಿ ಹಾಕಿ ಕಾದು ಕೂತವರು. ಸಾಗುವಳಿ ಚೀಟಿ ಕೈಗೆ ಬಂದಿಲ್ಲ, ಆದ್ದರಿಂದ ಅವರು ಮಾಲೀಕರಲ್ಲ. ಮಾಲೀಕರಲ್ಲದವರಿಗೆ ‘ಸ್ವಾಧೀನ’ ಆಗುವುದಿಲ್ಲ, ಪರಿಹಾರವೂ ಇಲ್ಲ, ‘ತಾವಾಗಿಯೇ’ ಕೊಡುವ ಮಾತೂ ಇಲ್ಲ. ಸರ್ಕಾರ ತನ್ನ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ನೆಲ ದಾಟಿಸುತ್ತದೆ, ನಡುವೆ ನಿಂತ ರಾಗಿ ಪೈರು ಯಾರದೂ ಅಲ್ಲ. ದೇವನಹಳ್ಳಿಯ ಗೆಲುವು ಪಹಣಿ ಇದ್ದವರ ಗೆಲುವಾಗಿ ನಿಂತುಬಿಟ್ಟರೆ ಮುಂದಿನ ಯಾರ್ಡು ಎಲ್ಲಿಗೆ ಬರುತ್ತದೆ ಅಂತ ಹೇಳಲು ಜೋಯಿಸರು ಬೇಕಿಲ್ಲ. ಪಹಣಿ ಇಲ್ಲದ ಕಡೆಗೆ ಬರುತ್ತದೆ.

ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ ನಮ್ಮದೊಂದು ಮನವಿ. ಭಾಷಣಕ್ಕೆ ಮುಂಚೆ ಪಟ್ಟಿ ಆಗಲಿ. ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳ ಕೇರಿಕೇರಿಗೂ ಹೋಗಿ ಯಾರು ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಉಳುತ್ತಿದ್ದಾರೆ, ಯಾವ ವರ್ಷ ಅರ್ಜಿ ಹಾಕಿದರು, ತೋಟಿ ಇನಾಮ್ತಿಯ ಮರುಮಂಜೂರಿ ಆಗಿದೆಯೋ ಇಲ್ಲವೋ ಅಂತ ಬರೆಯಬೇಕು. ಯಾರ್ಡಿನ ಹಮಾಲಿಗಳಲ್ಲಿ ಎಷ್ಟು ಜನ ಈ ಊರುಗಳಿಂದ ಬಂದವರು ಅಂತಲೂ ಬರೆಯಬೇಕು. ಫಾರಂ 57ರ ಸ್ವೀಕೃತಿ ಚೀಟಿ ಇರುವವರು ಅದನ್ನು ಸೂರಿಗೆ ಸಿಕ್ಕಿಸಿ ಇಡಬೇಡಿ, ಮಳೆಗೆ ಶಾಯಿ ಹೋಗುತ್ತದೆ. ನಕಲು ಮಾಡಿಸಿ ಎರಡು ಮನೆಗಳಲ್ಲಿ ಇಡಿ.