ಸಂಕಲ್ಪಲೋಪ ವಿಚಾರ

ಉತ್ತರ ಅಮೆರಿಕಾ ಖಂಡದ ಅಲಾಸ್ಕ ಪ್ರಾಂತದಿಂದ ದಕ್ಷಿಣ ಅಮೆರಿಕಾದ ಕಟ್ಟಕಡೆಯಲ್ಲಿರುವ ಉಷುವಾಯ ಪಟ್ಟಣದವರೆಗೆ ಸುಮಾರು 30,000 ಕಿಲೋಮೀಟರು ಉದ್ದದ ಹೆದ್ದಾರಿಯೊಂದುಂಟು. ಅದು ಒಂದೇ ಒಂದೆಡೆಯಲ್ಲಿ ಕಡಿದುಹೋಗಿದೆ. ಪನಾಮಾ ದೇಶದ ಯಾವೀಸ ಎಂಬ ಊರಿನಲ್ಲಿ ನಿಂತುಬಿಡುವ ರಸ್ತೆಯು ಕೊಲಂಬಿಯಾ ದೇಶದಲ್ಲಿ ಮತ್ತೆ ಮೊದಲಾಗುವುದರೊಳಗೆ ನೂರು ಕಿಲೋಮೀಟರಿಗೆ ಮೇಲ್ಪಟ್ಟು ಹೆಗ್ಗಾಡೂ ಜೌಗುಭೂಮಿಯೂ ಅಡ್ಡಬಿದ್ದಿವೆ. ಆ ಪ್ರದೇಶಕ್ಕೆ ದಾರಿಯೆನ್ ಎಂದು ಹೆಸರು. ಕನ್ನಡಿಗನ ಕಿವಿಗೆ ದಾರಿಯೆಂದೇ ಕೇಳಿಸುವ ಈ ನೆಲದಲ್ಲಿ ದಾರಿಯಿಲ್ಲದಿರುವುದು ವಿನೋದವೇ ಸರಿ.

ಮೋಟಾರು ಸೈಕಲ್ಲನ್ನೇರಿ ಆ ತುದಿಯಿಂದ ಈ ತುದಿಗೆ ಹೋಗುವೆನೆಂದು ಸಂಕಲ್ಪಿಸಿ ಹೊರಟವರೆಲ್ಲರೂ ಇಲ್ಲಿಗೆ ಬಂದು ನಿಲ್ಲಲೇಬೇಕು. ಅವರಲ್ಲಿ ಬಹುಮಂದಿ ಮಾಡುವುದು ಇಷ್ಟೆ: ಪನಾಮಾ ನಗರದಲ್ಲಿ ಪೋಲೀಸರಿಂದ ಯಂತ್ರದ ಸಂಖ್ಯೆಯನ್ನು ತಾಳೆ ನೋಡಿಸಿ, ಸುಂಕದ ಕಚೇರಿಯಲ್ಲಿ ಕಾಗದಗಳನ್ನು ಸರಿಪಡಿಸಿಕೊಂಡು, ಪೆಟ್ರೋಲನ್ನು ಬಸಿದು, ಬ್ಯಾಟರಿಯ ತಂತಿಯನ್ನು ಬಿಡಿಸಿ, ವಾಹನವನ್ನು ಸರಕಿನ ವಿಮಾನದಲ್ಲಿ ಬೊಗೋಟ ನಗರಕ್ಕೋ, ಹಡಗಿನಲ್ಲಿ ಕಾರ್ತಹೇನ ಬಂದರಿಗೋ ಸಾಗಿಸುವರು. ವಿಮಾನದಲ್ಲಾದರೆ ಸವಾರನು ಬೇರೊಂದು ವಿಮಾನದಲ್ಲಿ ಹೋಗಿ ತನ್ನ ವಾಹನವನ್ನು ಎದುರುಗೊಳ್ಳಬೇಕು. ಇಷ್ಟು ದಿನ ಹೊತ್ತುಬಂದುದು ಈಗ ತಾನೇ ಹೊರೆಯಾಯಿತು. ನೆಲದ ಮೇಲೆಯೇ ಹೋಗುವೆನೆಂದವನ ಸಂಕಲ್ಪವು ಇದರಿಂದ ಭಂಗವಾಯಿತೇ ಎಂಬುದು ಪ್ರಶ್ನೆ.

ಭಂಗವಾಯಿತೆಂದೇ ಬಗೆದು ಕಾಡನ್ನು ಹೊಕ್ಕವರೂ ಉಂಟು. 1960ರಲ್ಲಿ ಒಂದು ಜೀಪೂ ಒಂದು ಲ್ಯಾಂಡ್ ರೋವರೂ 136 ದಿನಗಳಲ್ಲಿ ಅದನ್ನು ದಾಟಿದವು. ಎಡ್ ಕಲ್ಬರ್ಸನ್ ಎಂಬ ಅಮೆರಿಕದವನು 1985ರಲ್ಲಿ ಸೋತು ಹಿಂದಿರುಗಿ, 1986ರಲ್ಲಿ ತನ್ನ ಬಿ.ಎಂ.ಡಬ್ಲ್ಯು. ಮೋಟಾರು ಸೈಕಲ್ಲಿನೊಡನೆ ಆಚೆಯ ದಡವನ್ನು ಕಂಡನು. ಲೋರೆನ್ ಅಪ್ಟನ್ ಎಂಬವನ ಹಟವಂತೂ ಎಲ್ಲಕ್ಕೂ ಮಿಗಿಲಾದುದು. ದೋಣಿಯ ನೆರವೂ ಸಲ್ಲದೆಂದು ನೆಲವನ್ನೇ ಹಿಡಿದು, 1985ರಿಂದ 1987ರವರೆಗೆ 741 ದಿನಗಳಲ್ಲಿ ಸುಮಾರು 200 ಕಿಲೋಮೀಟರುಗಳನ್ನು ತನ್ನ ಜೀಪಿನೊಡನೆ ದಾಟಿದನು. ಇದು ತಪಸ್ಸಲ್ಲವೆಂದು ಹೇಳಲು ಯಾರಿಗೂ ನಾಲಗೆ ಏಳದು.

ಆದರೂ ವಿಚಾರ ಅಲ್ಲಿಗೆ ಮುಗಿಯಲಿಲ್ಲ. ಇಂತಹ ಸಂದೇಹಗಳನ್ನು ನಮ್ಮ ಮೀಮಾಂಸಕರು ಯಜ್ಞದ ವಿಷಯದಲ್ಲಿ ಬಹಳ ಹಿಂದೆಯೇ ಒರೆದು ನೋಡಿದ್ದಾರೆ. ಸೋಮಲತೆ ದೊರೆಯದಿದ್ದಲ್ಲಿ ಪೂತೀಕವನ್ನು ಹಿಂಡಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು. ಆದರೆ ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಪ್ರತಿನಿಧಿಯಿಲ್ಲ. ಯಜಮಾನನಿಗಂತೂ ಇಲ್ಲವೇ ಇಲ್ಲ. ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಮಾಡಿದರೂ ಸಲ್ಲುವುದು. ಕಾಮ್ಯಕರ್ಮವನ್ನಾದರೋ ಸಾಂಗವಾಗಿ ಮಾಡಬಲ್ಲವನೇ ಕೈಕೊಳ್ಳತಕ್ಕದ್ದು. ಖಂಡದ ತುದಿಯಿಂದ ತುದಿಗೆ ಸವಾರಿ ಹೋಗೆಂದು ಯಾವ ವಿಧಿಯೂ ಯಾರಿಗೂ ಆಜ್ಞಾಪಿಸಿಲ್ಲ. ಅದು ಕೇವಲ ಕಾಮ್ಯ. ಆದುದರಿಂದ ಹಡಗನ್ನೇರಿದವನಿಗೆ ಪೂರ್ಣಫಲವಿಲ್ಲವೆಂಬ ಪೂರ್ವಪಕ್ಷವು ಬಲವಾದುದೇ.

ಇನ್ನು ಕಾಡನ್ನು ದಾಟಿದವನ ಕಡೆಗೂ ಅದೇ ದೀಪವನ್ನು ಹಿಡಿಯಬೇಕು. ಅವನು ಅಲ್ಲಿ ಸವಾರಿ ಮಾಡಿದನೇ? ಆ ಕೆಸರಿನಲ್ಲಿ, ಬಿದ್ದ ಮರಗಳ ನಡುವೆ, ಗೇಣುಗೇಣಿಗೂ ಅಡ್ಡಬರುವ ಹಳ್ಳಗಳಲ್ಲಿ ಚಕ್ರ ಉರುಳುವ ನೆಲವೇ ವಿರಳ. ಹಗ್ಗ ಕಟ್ಟಿ ಎಳೆಯಬೇಕು, ನೂಕಬೇಕು, ಎತ್ತಬೇಕು. ಇವನ್ನೆಲ್ಲ ಒಬ್ಬನು ಮಾಡಲಾರ. ದಾರಿ ತೋರುವವರೂ, ಬಳ್ಳಿ ಕಡಿಯುವವರೂ, ಹೆಗಲು ಕೊಡುವವರೂ ಆ ನೆಲದ ಜನರು. ಹಡಗಿನವನು ನೆಲಕ್ಕೆ ಬದಲು ನೀರನ್ನಿಟ್ಟನು. ಅದು ದ್ರವ್ಯಕ್ಕೆ ಪ್ರತಿನಿಧಿ. ಕಾಡಿನವನು ಸವಾರಿಗೆ ಬದಲು ಹೊರುವಿಕೆಯನ್ನಿಟ್ಟನು, ಅದರಲ್ಲಿಯೂ ಬಹುಪಾಲು ಅನ್ಯರ ಹೊರುವಿಕೆಯನ್ನು. ಕ್ರಿಯೆಗೇ ಪ್ರತಿನಿಧಿ ಬಂದಿತು. ಲೋಪ ಇಬ್ಬರದೂ ಹೌದು. ಯಾವುದು ಗುರುತರವೆಂಬುದನ್ನು ಭೂಪಟದ ಮೇಲಿನ ಗೆರೆಯನ್ನು ನೋಡಿ ತೀರ್ಮಾನಿಸಲಾಗದು. ಹನುಮಂತನು ಸಮುದ್ರವನ್ನು ಹಾರಿದನು, ವಾನರಸೇನೆ ಸೇತುವೆಯ ಮೇಲೆ ನಡೆಯಿತು. ಹನುಮಂತನ ಯಾತ್ರೆ ನಡುವೆ ಕಡಿಯಿತೆಂದು ಯಾರೂ ಆಕ್ಷೇಪಿಸಿದ್ದಿಲ್ಲ.

ಹಾಗಾದರೆ ರಸ್ತೆಯನ್ನೇ ಕಡಿದು ಈ ಜಂಜಾಟವನ್ನು ತೀರಿಸಬಾರದೇಕೆ ಎನ್ನುವವರುಂಟು. ಆ ಪ್ರಯತ್ನವೂ ನಡೆದಿತ್ತು. 1975ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಅದನ್ನು ತಡೆಯಿತು. ದಕ್ಷಿಣದ ದನಗಳ ಕಾಲುಬಾಯಿ ರೋಗವು ಆ ರಸ್ತೆಯನ್ನು ಹಿಡಿದು ಉತ್ತರಕ್ಕೆ ಹಬ್ಬೀತೆಂಬ ಭಯ ಒಂದು. ಕಾಡಿಗೂ ಅಲ್ಲಿಯ ಜನರಿಗೂ ಒದಗುವ ಹಾನಿಯ ವಿಚಾರಣೆ ಸಾಲದೆಂಬುದು ಇನ್ನೊಂದು. ಪನಾಮಾದ ಕಡೆಯ ಕಾಡು 1980ರಲ್ಲಿ ರಾಷ್ಟ್ರೀಯೋದ್ಯಾನವೂ ಮರುವರ್ಷ ವಿಶ್ವಪರಂಪರೆಯ ತಾಣವೂ ಆಯಿತು. ಎಂಬೆರಾ, ವೌನಾನ್, ಗುನ ಎಂಬ ಜನಾಂಗಗಳು ಅಲ್ಲಿ ಬಾಳುತ್ತಿವೆ. ಸವಾರನಿಗೆ ಕೊರತೆಯಾಗಿ ಕಾಣುವ ನೆಲ ಅವರಿಗೆ ಮನೆ. ತನ್ನ ಗೆರೆ ಅಖಂಡವಾಗಲೆಂದು ಅವರ ಮನೆಯ ನಡುವೆ ಓಣಿ ಬೇಡುವವನ ಸಂಕಲ್ಪವು ತೀರಾ ದುಬಾರಿಯಾದುದು, ಆ ಬೆಲೆಯನ್ನು ತೆರುವವನೂ ಅವನಲ್ಲ.

ಅದೇ ಕಾಡನ್ನು 2023ನೆಯ ಇಸವಿಯೊಂದರಲ್ಲಿಯೇ ಐದು ಲಕ್ಷಕ್ಕೂ ಹೆಚ್ಚು ಮಂದಿ ಕಾಲ್ನಡೆಯಲ್ಲಿ ದಾಟಿದರು. ಬಹುಪಾಲು ವೆನೆಜುವೇಲದವರು, ಭಾರತದವರೂ ಕೆಲವರಿದ್ದರು. ಕಂಕುಳಲ್ಲಿ ಮಕ್ಕಳನ್ನೆತ್ತಿಕೊಂಡು ಹೊರಟ ಅವರಿಗೆ ಗೆರೆಯ ಚಿಂತೆಯಿರಲಿಲ್ಲ. ಹಡಗೋ ವಿಮಾನವೋ ಅವರ ಪಾಲಿಗೆ ತೆರೆದಿದ್ದರೆ ಆ ಕೆಸರಿಗೆ ಕಾಲಿಡುತ್ತಲೇ ಇರಲಿಲ್ಲ. ದಾರಿಯಲ್ಲಿ ಸತ್ತವರೂ ಹಲವರು. ಹಡಗಿಗೆ ಹಣ ಕೊಡಬಲ್ಲವನು ಹಡಗನ್ನೇರಿದುದಕ್ಕಾಗಿ ನಾಚುವುದೂ, ಕೊಡಲಾರದವನು ನಡೆದು ಸಾಯುವುದೂ ಒಂದೇ ಕಾಡಿನ ಅಂಚಿನಲ್ಲಿ ನಡೆದಿವೆ.

ಕಾರ್ತಹೇನದ ಕಟ್ಟೆಯಲ್ಲಿ ವಾಹನವನ್ನು ಇಳಿಸಿದ ಮೇಲೆ ಸವಾರನು ಬ್ಯಾಟರಿಯ ತಂತಿಯನ್ನು ಕೂಡಿಸಿ, ಪೆಟ್ರೋಲು ಹೊಯ್ದು, ಸುಂಕದವರ ಮುದ್ರೆಗಾಗಿ ಕಾಯುವನು. ದೂರವನ್ನು ತೋರಿಸುವ ಯಂತ್ರದಲ್ಲಿ ಪನಾಮಾದ ಹಡಗುಕಟ್ಟೆಯಲ್ಲಿದ್ದ ಅಂಕಿಯೇ ಇನ್ನೂ ನಿಂತಿರುವುದು.