ಸಾಹಿತಿಗೊಂದು ಪತ್ತನಾಜೆ

ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವುದು ಪತ್ತನಾಜೆಗೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಕಳೆದು ಮೇಳ ಮತ್ತೆ ಹೊರಡುವಾಗ ಕೆಲವರು ಹಳೆಯ ಮೇಳದಲ್ಲೇ ಇರುತ್ತಾರೆ, ಕೆಲವರು ಬೇರೆ ಮೇಳ ಸೇರಿರುತ್ತಾರೆ. ಬಿಟ್ಟವರ ಬಗ್ಗೆ ಅಭಿಮಾನಿಗಳು ನಾಲ್ಕು ದಿನ ಮಾತಾಡಿಕೊಳ್ಳಬಹುದು, ಯಜಮಾನರಿಗೆ ಬೇಸರವೂ ಆಗಬಹುದು. ಆದರೂ ಬಿಡುವುದಕ್ಕೆ ಅಲ್ಲೊಂದು ದಿನವಿದೆ.

ಬರೆಯುವವರಿಗೆ ಅಂಥ ದಿನವಿಲ್ಲ. ಇಂಗ್ಲಿಷ್ ಕಾದಂಬರಿಕಾರ ಮಾರ್ಟಿನ್ ಅಮಿಸ್ 'ದಿ ಇನ್ಫರ್ಮೇಷನ್' ಪ್ರಕಟವಾದ 1995ರ ಹೊತ್ತಿಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ತನ್ನ ಏಜೆಂಟ್ ಆಗಿದ್ದ ಪ್ಯಾಟ್ ಕವನಾ ಅವರನ್ನು ಬಿಟ್ಟು ಆಂಡ್ರ್ಯೂ ವೈಲಿಯ ಕಡೆ ಹೋದರು. ಕಾದಂಬರಿಗೆ ಸುಮಾರು ಐದು ಲಕ್ಷ ಪೌಂಡ್ ಮುಂಗಡ ಎಂಬುದು ದೊಡ್ಡ ಸುದ್ದಿಯಾಯಿತು. ಕವನಾ ಅವರ ಪತಿ, ಲೇಖಕ ಜೂಲಿಯನ್ ಬಾರ್ನ್ಸ್ ಜೊತೆಗಿನ ಹಳೆಯ ಗೆಳೆತನವೂ ಮುರಿಯಿತು.

ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸಿ, ಕರಾರು ಮಾಡಿಸಿ, ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇಕಡ 10ರಿಂದ 15 ಪಡೆಯುವವರು ಏಜೆಂಟ್. ಲೇಖಕ ಬಿಟ್ಟುಹೋದರೂ ತಾನು ಮಾರಿಕೊಟ್ಟ ಪುಸ್ತಕಗಳ ಪಾಲು ಅವರಿಗೆ ಬರುತ್ತಲೇ ಇರುವುದು ವಾಡಿಕೆ. ಹಣದ ಲೆಕ್ಕವನ್ನು ಕರಾರು ನೋಡಿಕೊಳ್ಳುತ್ತದೆ. ಹಾಗಾದರೆ ನೋವು ಯಾವುದರದು?

'ಕೆಲಸ ಮಾಡಿದರು, ಕಮಿಷನ್ ಪಡೆದರು, ಋಣ ತೀರಿತು' ಎನ್ನಬಹುದು. ಆದರೆ ಯಾರಿಗೂ ಬೇಡವಾಗಿದ್ದ ಬರಹಗಾರನ ಗಳಿಕೆಯಲ್ಲಿ ಶೇಕಡ ಹತ್ತು ಎಂದರೆ ಎಷ್ಟು? ಆ ವರ್ಷಗಳಲ್ಲಿ ಅವರು ಇಟ್ಟದ್ದು ನಂಬಿಕೆ. ಅದಕ್ಕೆ ಬಿಲ್ಲು ಬರೆಯಲಾಗದು. ಹಾಗೆಂದು ನಂಬಿದವರಿಗೆ ಜೀವನಪರ್ಯಂತ ಕಟ್ಟುಬೀಳಬೇಕೆಂದರೆ ಅದು ನಂಬಿಕೆಯಾಗಿ ಉಳಿಯುವುದಿಲ್ಲ, ಸಾಲವಾಗುತ್ತದೆ.

ಮೂಡುಬಿದಿರೆಯ ರತ್ನಾಕರವರ್ಣಿಯ ಕತೆ ನೆನಪಾಗುತ್ತದೆ. ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ 'ಭರತೇಶ ವೈಭವ'ವನ್ನು ಆನೆಯ ಮೇಲೆ ಮೆರವಣಿಗೆ ಮಾಡಲು ಗುರುಗಳು ಒಪ್ಪಲಿಲ್ಲವಂತೆ, ಕವಿ ಮುನಿದು ವೀರಶೈವನಾಗಿ ಮುಂದೆ ಮತ್ತೆ ಜೈನಧರ್ಮಕ್ಕೆ ಮರಳಿದನಂತೆ. ಇತಿಹಾಸವೋ ಐತಿಹ್ಯವೋ, ಕೃತಿಯನ್ನು ಲೋಕಕ್ಕೆ ಹೊತ್ತುಕೊಂಡು ಹೋಗುವ ಆನೆ ಕವಿಗೂ ಬೇಕಾಗಿತ್ತು. ಆನೆ ಸಿಗದಿದ್ದರೆ ಬಿಟ್ಟುಹೋಗುವ ಹಕ್ಕೂ ಅವನಿಗಿತ್ತು. ಆದರೆ ಅಮಿಸ್ ಸಂಗತಿ ಇದರ ತಿರುವುಮುರುವು: ಆನೆ ಸಿಕ್ಕಿತ್ತು, ಇನ್ನೂ ದೊಡ್ಡ ಆನೆ ಬಂತು.

ಕನ್ನಡದಲ್ಲಿ ಏಜೆಂಟರ ಪದ್ಧತಿ ಬೆಳೆದಿಲ್ಲ. ಆ ಕೆಲಸವನ್ನು ಸಣ್ಣ ಪ್ರಕಾಶಕರೇ ಮಾಡುತ್ತಾರೆ. ಹೊಸಬರ ಪುಸ್ತಕ ಅಚ್ಚು ಹಾಕಿಸಿ, ಸಮ್ಮೇಳನಗಳಿಗೆ ಕಟ್ಟು ಹೊತ್ತು ಹೋಗಿ ಮಾರುತ್ತಾರೆ. ಎಷ್ಟೋ ಸಲ ಕರಾರು ಬಾಯಿಮಾತಿನದು. ಹಾಗಾಗಿ ಬಿಡುವ ಮಾತನ್ನೂ ಬಾಯಿಂದಲೇ ಆಡಬೇಕು.

ನಾನು ಆಡಲಿಲ್ಲ. ನನ್ನ ಮೊದಲ ಪುಸ್ತಕ ತಂದವರಿಗೆ, ಎರಡನೆಯದು ಬೇರೆ ಕಡೆ ಹೋದದ್ದು ತಿಳಿದದ್ದು ಬಿಡುಗಡೆಯ ಆಮಂತ್ರಣ ಪತ್ರಿಕೆಯಿಂದ. ಅವರು ಬಂದರು, ಹಿಂದಿನ ಸಾಲಿನಲ್ಲಿ ಕೂತರು, ದುಡ್ಡು ಕೊಟ್ಟು ಎರಡು ಪ್ರತಿ ಕೊಂಡರು. "ಒಳ್ಳೆದಾಯ್ತು ಮಾರಾಯ್ರೆ" ಎಂದರು. ಪ್ರಕಾಶಕರನ್ನು ಬದಲಿಸಿದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಆ ಪುಸ್ತಕಕ್ಕೆ ಅದು ಬೇಕಿತ್ತು. ಆದರೆ ಅವರ ಮನೆಗೆ ಹೋಗಿ ಹೇಳದೆ ಉಳಿದದ್ದು ಹೆದರಿಕೆಯಿಂದ. ಅವರು ಬೇಡ ಎನ್ನುತ್ತಾರೆಂಬ ಹೆದರಿಕೆ ಇರಲಿಲ್ಲ. 'ಆಗಲಿ' ಎಂದುಬಿಟ್ಟರೆ ಅವರ ಮುಖ ನೋಡುವುದು ಹೇಗೆ ಎಂಬುದೇ ಹೆದರಿಕೆ.

ಬಿಡುವುದು ತಪ್ಪಲ್ಲ. ಗೆಜ್ಜೆಯನ್ನು ಅದೇ ಚೌಕಿಯಲ್ಲಿ, ಜೊತೆಗೆ ಕುಣಿದವರ ಎದುರಿಗೇ ಬಿಚ್ಚಬೇಕು. ಅಷ್ಟು ಮಾಡಿದರೆ ಮುಂದಿನ ವರ್ಷ ಯಾವ ರಂಗಸ್ಥಳದ ಬಳಿ ಎದುರಾದರೂ ಕಣ್ಣು ತಪ್ಪಿಸಬೇಕಾಗುವುದಿಲ್ಲ.